ಜಲವರ್ಣ–ಪೆನ್ಸಿಲ್ ಅಮೂರ್ತ ಚಿತ್ರ: ದೋಷ ಹುಡುಕುವ ಕೈಪಿಡಿ

ಕುದುರೆ ಬರೆದು ಕಾಲು ಸೊಟ್ಟಗಾದರೆ ಮನೆಯ ಮಕ್ಕಳೂ ಹೇಳುತ್ತಾರೆ. ಕುದುರೆ, ಮರ, ಮನೆ ಅಂತ ಗುರುತಿಸುವ ರೂಪವೇ ಇರದ ಅಮೂರ್ತ ಚಿತ್ರದಲ್ಲಿ ಆ ಅನುಕೂಲ ಇಲ್ಲ. ಹಾಳೆಯ ಮೇಲೆ ಒಂದು ಬಿಳಿ ಚುಕ್ಕೆ, ಮಬ್ಬು ಕಲೆ ಅಥವಾ ಅಂಚುಗಟ್ಟಿದ ಉಂಗುರ ಕಂಡರೆ ಅದು ಬೇಕೆಂದೇ ಬಿಟ್ಟದ್ದೋ ತಾನಾಗಿ ಆದದ್ದೋ ನೋಡುವವರಿಗೆ ಗೊತ್ತಾಗುವುದಿಲ್ಲ. “ಅಮೂರ್ತ ಅಲ್ಲೇನ್ರಿ, ಹಂಗೇ ಇರ್ಲಿ ಬಿಡ್ರಿ” ಅನ್ನುವ ಸಮಾಧಾನ ಬೇಗ ಸಿಗುತ್ತದೆ. ಹಾಗೆ ಬಿಟ್ಟ ದೋಷ ಮುಂದಿನ ಹಾಳೆಗೂ ಬರುತ್ತದೆ.

ಕಲಿಯಲು ಬರುವವರಿಗೆ ನಾನು ಕೇಳುವುದು ಒಂದೇ ಪ್ರಶ್ನೆ. ಇದೇ ಗುರುತನ್ನು ನಾಳೆ ಇನ್ನೊಂದು ಹಾಳೆಯಲ್ಲಿ, ಬೇಕೆಂದ ಜಾಗದಲ್ಲಿ, ಮತ್ತೆ ತರಬಲ್ಲಿರಾ? ತರುತ್ತೇನೆ ಅಂದರೆ ಅದು ನಿಮ್ಮ ಕೆಲಸ. ಆಗಲ್ಲ ಅಂದರೆ ಎಷ್ಟೇ ಚಂದ ಕಂಡರೂ ಕಾರಣ ಹುಡುಕಬೇಕು. ಹುಡುಕಿದ ಮೇಲೆ ಅದನ್ನೇ ಬೇಕೆಂದು ಬಳಸಿಕೊಂಡರೆ ಯಾರೂ ಬೇಡ ಅನ್ನುವುದಿಲ್ಲ.

ಎಲ್ಲಿಂದ ಹುಡುಕಬೇಕು ಅನ್ನುವುದಕ್ಕೆ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರಿಗೆ ನನ್ನ ಕ್ರಮ ಇದು: ಮೊದಲು ನೀರು, ಆಮೇಲೆ ಗಾಳಿ, ಹಾಳೆ, ಪೆನ್ಸಿಲ್, ಎಲ್ಲಕ್ಕೂ ಕೊನೆಗೆ ಬಣ್ಣ. ಬಹಳ ಜನ ಇದನ್ನು ತಲೆಕೆಳಗು ಮಾಡಿ, ಮೊದಲೇ ಬೆಂಗಳೂರಿಂದ ದುಬಾರಿ ಟ್ಯೂಬ್ ತರಿಸುತ್ತಾರೆ. ಸವಳು ನೀರಿನಲ್ಲಿ ಕಲಸಿದರೆ ದುಬಾರಿ ಬಣ್ಣವೂ ಅಷ್ಟೇ ಕೆಡುತ್ತದೆ, ಖರ್ಚು ಮಾತ್ರ ಜಾಸ್ತಿ.

ಫೋಟೋ ಬಿಡಿ, ಹಾಳೆ ನೋಡಿ

ವಾಟ್ಸಾಪಿನಲ್ಲಿ ಚಿತ್ರ ಕಳಿಸಿ “ಗೆರೆ ಸತ್ತಂಗೆ ಕಾಣ್ತದ್ರಿ” ಅಂದರೆ ಅದು ಹಾಳೆಯ ದೋಷ ಅಲ್ಲದೆಯೂ ಇರಬಹುದು. ಗಟ್ಟಿಯಾದ 2ಎಚ್ ಪೆನ್ಸಿಲ್ಲಿನ ಸಣ್ಣ ಗೆರೆ ಫೋಟೋ ಕುಗ್ಗಿದಾಗ ಮಾಯವಾಗುತ್ತದೆ. ಫ್ಲ್ಯಾಶ್ ಹಾಕಿದರೆ ಮೆತ್ತನೆಯ 6ಬಿ ಪೆನ್ಸಿಲ್ ತಿಕ್ಕಿದ ಜಾಗ ಬೆಳ್ಳಿಯಂತೆ ಹೊಳೆದು ಬಿಳಿಯಾಗಿ ಬೀಳುತ್ತದೆ.

ಹಾಳೆಯನ್ನೇ ಮೇಜಿನ ಮೇಲಿಟ್ಟು ಕೋಣೆ ಕತ್ತಲು ಮಾಡಿ. ಮೊಬೈಲ್ ಟಾರ್ಚನ್ನು ಮೇಲಿಂದ ಹಿಡಿಯಬೇಡಿ. ಹಾಳೆಯ ಅಂಚಿಗೆ ಸಮವಾಗಿ, ಬೆಳಕು ಮೇಲ್ಮೈ ಸವರಿಕೊಂಡು ಹೋಗುವಂತೆ ಹಿಡಿಯಿರಿ. ಹಗಲು ಕಾಣದ್ದೆಲ್ಲ ಈಗ ಕಾಣುತ್ತದೆ. ಗಟ್ಟಿ ಪೆನ್ಸಿಲ್ ಒತ್ತಿದಲ್ಲಿ ಕಾಲುವೆಯಂತೆ ನೆರಳು, ರಬ್ಬರ್ ಜಾಸ್ತಿ ಓಡಿದಲ್ಲಿ ಎದ್ದು ನಿಂತ ನಾರು, ಗ್ರಾಫೈಟ್ ಇರುವಲ್ಲಿ ಮಿಣುಕು, ಬಣ್ಣದೊಳಗಿನ ಗೋಂದು ದಪ್ಪ ಕೂತಲ್ಲಿ ಸಣ್ಣ ಹೊಳಪು. ಮುಂದೆ ಹೇಳುವ ಪರೀಕ್ಷೆಗಳಲ್ಲಿ ಅರ್ಧದಷ್ಟಕ್ಕೆ ಈ ಅಡ್ಡ ಬೆಳಕೇ ಸಾಕು.

ನೀರು

ಲಕ್ಷಣ: ವಾಶ್ (ನೀರು ಮಾಡಿ ಹರಡಿದ ತೆಳು ಬಣ್ಣದ ಪದರ) ಒಣಗಿದ ಮೇಲೆ ಮೇಲೊಂದು ಬಿಳಿ ಪೊರೆ. ಅಲ್ಟ್ರಾಮರೀನ್ ನೀಲಿ ನುಣ್ಣಗೆ ಹರಡದೆ ರವೆರವೆಯಾಗಿ ಕೂರುತ್ತದೆ. ಗಾಢ ಬಣ್ಣ ಒಣಗಿದರೆ ಸುಣ್ಣ ಬಳಿದಂತೆ ಮಂಕು. ಇನ್ನೊಂದು ವಿಚಿತ್ರ ದೂರೂ ಬರುತ್ತದೆ: ಅದೇ ಬಣ್ಣ, ಅದೇ ಹಾಳೆ, ಹೋದ ವಾರ ಚೆನ್ನಾಗಿ ಬಂತು, ಈ ವಾರ ಕೆಟ್ಟಿತು.

ಅವರಿಗೆ ನಾನು ಕೇಳುವುದು, ಹೋದ ವಾರ ನಲ್ಲಿ ನೀರು ಬಂದಿತ್ತೇ ಅಂತ. ನಮ್ಮ ಊರುಗಳಲ್ಲಿ ನಲ್ಲಿಗೆ ಹೊಳೆ ನೀರು: ರಾಯಚೂರಿಗೆ ಕೃಷ್ಣೆ ಮತ್ತು ತುಂಗಭದ್ರೆ, ಬಳ್ಳಾರಿ, ಕೊಪ್ಪಳಕ್ಕೆ ತುಂಗಭದ್ರೆ. ಅದು ದಿನಾ ಬರುವುದಿಲ್ಲ. ಬಾರದ ದಿನ ಬೋರ್ ನೀರು. ಮನೆಯ ಡ್ರಮ್ಮಿನಲ್ಲಿ ಎರಡೂ ಬೆರೆತಿರುತ್ತವೆ, ಕುಂಚ ಅದ್ದುವ ಲೋಟಕ್ಕೆ ಯಾವುದು ಬಿತ್ತು ಅಂತ ಯಾರೂ ನೋಡುವುದಿಲ್ಲ. ಬೋರ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಣ್ಣದ ಕಣಗಳನ್ನು ಗುಂಪುಗಟ್ಟಿಸುತ್ತವೆ. ರವೆರವೆ ಆಗುವುದು ಅದರಿಂದ. ನೀರು ಆರಿದ ಮೇಲೆ ಲವಣ ಹಾಳೆಯ ಮೇಲೇ ಉಳಿಯುತ್ತದೆ, ಬಿಳಿ ಪೊರೆ ಅದೇ.

ಪರೀಕ್ಷೆ ಸುಲಭ. ಕಪ್ಪು ಕಡಪ ಕಲ್ಲಿನ ಮೇಲೆ, ಇಲ್ಲವೇ ಆಫ್ ಮಾಡಿದ ಹಳೇ ಮೊಬೈಲಿನ ಗಾಜಿನ ಮೇಲೆ, ನೀವು ಬಳಸುವ ನೀರಿನ ಒಂದು ಹನಿ ಬಿಟ್ಟು ತಾನಾಗಿ ಆರಲು ಬಿಡಿ. ಪಕ್ಕದಲ್ಲೇ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದ ನೀರಿನ ಒಂದು ಹನಿ. ಮೊದಲನೆಯದು ಆರಿದ ಜಾಗದಲ್ಲಿ ಬಿಳಿ ಉಂಗುರ ಎದ್ದು ಕಂಡರೆ, ಉಗುರಲ್ಲಿ ಕೆರೆದರೆ ಪುಡಿ ಬಂದರೆ, ನಿಮ್ಮ ದೋಷ ಸಿಕ್ಕಿತು.

ಪರಿಹಾರ: ಘಟಕದ ನೀರು ಸಾಕು. ಇನ್ನೂ ಖಾತ್ರಿ ಬೇಕೆಂದರೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ತನ್ನಿ, ಚಿತ್ರದ ಕೆಲಸಕ್ಕೆ ಬಹಳ ದಿನ ಬರುತ್ತದೆ. ಕಾಯಿಸಿ ಆರಿಸಿದ ನೀರು ಅರ್ಧ ಪರಿಹಾರ ಅಷ್ಟೇ. ಕಾಯಿಸಿದಾಗ ಬೈಕಾರ್ಬೊನೇಟ್ ಗಡಸು ಪಾತ್ರೆಯ ತಳಕ್ಕೆ ಕೂರುತ್ತದೆ, ಸಲ್ಫೇಟ್, ಕ್ಲೋರೈಡ್ ಹಾಗೇ ಉಳಿಯುತ್ತವೆ. ಕುಷ್ಟಗಿ, ಯಲಬುರ್ಗಾ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು, ಅದೂ ಕಾಯಿಸಿದರೆ ಹೋಗುವುದಲ್ಲ.

ಒಂದು ಮಾತ್ರ ಮಾಡಬೇಡಿ. ರಾಡಿ ನೀರು ತಿಳಿಯಾಗಲಿ ಅಂತ ಕೊಡದಲ್ಲಿ ಪಟಿಕ ಆಡಿಸುತ್ತಾರಲ್ಲ, ಆ ನೀರನ್ನು ಚಿತ್ರಕ್ಕೆ ತರಬೇಡಿ. ಪಟಿಕ ಆಮ್ಲದ ಗುಣದ್ದು. ಹಾಳೆ ಬೇಗ ಹಳದಿಗಟ್ಟುತ್ತದೆ. ಅಲ್ಟ್ರಾಮರೀನ್ ಅಂತೂ ಆಮ್ಲ ತಾಗಿದರೆ ಬಣ್ಣ ಕಳೆದುಕೊಳ್ಳುವ ಜಾತಿ.

ಗಾಳಿ, ಬಿಸಿಲು, ಕೂಲರ್

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಗಾಳಿಯಲ್ಲಿ ತೇವವೂ ಇಲ್ಲ. ಯೂಟ್ಯೂಬಿನಲ್ಲಿ ಇಂಗ್ಲೆಂಡಿನವರೊಬ್ಬರು ಒದ್ದೆ ಹಾಳೆಯ ಮೇಲೆ ಬಣ್ಣ ಬಿಟ್ಟು, ಚಹಾ ಕುಡಿದು ಬಂದು, ಇನ್ನೊಂದು ಬಣ್ಣ ಬಿಡುತ್ತಾರೆ. ಇಲ್ಲಿ ಚಹಾ ಇರಲಿ, ಕುಂಚ ತೊಳೆಯುವಷ್ಟರಲ್ಲಿ ಹಾಳೆ ಒಣಗಿರುತ್ತದೆ.

ಲಕ್ಷಣ: ಮೆತ್ತಗೆ ಕರಗಿಹೋಗಬೇಕಾದ ಅಂಚು ಚಾಕುವಿನಂತೆ ಗಟ್ಟಿ. ದೊಡ್ಡ ವಾಶಿನ ನಡುವೆ ಪಟ್ಟೆಪಟ್ಟೆ. ಇದಕ್ಕೆ ಕೈ ನಿಧಾನ ಅಂತ ಬೈದುಕೊಳ್ಳಬೇಡಿ. ಹಾಳೆಯನ್ನು ಎರಡೂ ಮಗ್ಗುಲು ಚೆನ್ನಾಗಿ ನೆನೆಸಿ, ಗಾಜು ಅಥವಾ ಸನ್‌ಮೈಕಾ ಹಲಗೆಯ ಮೇಲೆ ಗಾಳಿಗುಳ್ಳೆ ಇರದಂತೆ ಮಲಗಿಸಿ. ಹಿಂಭಾಗದ ನೀರು ಮುಂಭಾಗವನ್ನು ಬಹಳ ಹೊತ್ತು ತೇವವಾಗಿಡುತ್ತದೆ. ಫ್ಯಾನ್ ಬಂದ್. ಲೋಟದ ನೀರಿಗೆ ಒಂದೆರಡು ಹನಿ ಗ್ಲಿಸರಿನ್ ಹಾಕಬಹುದು. ಜಾಸ್ತಿಯಾದರೆ ಹಾಳೆ ಒಣಗುವುದೇ ಇಲ್ಲ, ಅಂಟಂಟಾಗಿ ಊರಿನ ದೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಬೆಳಗಿನ ಜಾವದ ಕೆಲಸ.

ಕೂಲರಿನ ದೋಷ ಬೇರೆ, ಅದನ್ನು ಬಹಳ ಜನ ಗುರುತಿಸುವುದಿಲ್ಲ. ಅರ್ಧ ಒಣಗಿದ ವಾಶಿನ ಮೇಲೆ ಸಾಸಿವೆ ಗಾತ್ರದ ತಿಳಿ ಚುಕ್ಕೆಗಳು, ಪ್ರತಿಯೊಂದರ ಸುತ್ತ ಗಾಢವಾದ, ಹಲ್ಲುಹಲ್ಲಾದ ಅಂಚು. ಉಪ್ಪು ಚೆಲ್ಲಿ ಮಾಡುವ ನಕ್ಷತ್ರಗಳ ಹಾಗೇ ಕಾಣುತ್ತದೆ, ಆದ್ದರಿಂದ ಯಾರೂ ಸಂಶಯಪಡುವುದಿಲ್ಲ. ವ್ಯತ್ಯಾಸ ಇದು: ಉಪ್ಪಿನ ಗುರುತು ಉಪ್ಪು ಹಾಕಿದಲ್ಲಿ ಮಾತ್ರ, ಕೂಲರಿನದು ಹಾಳೆಯ ಒಂದು ಕಡೆ ದಟ್ಟ, ಇನ್ನೊಂದು ಕಡೆಗೆ ಹೋಗುತ್ತಾ ವಿರಳ. ಹಾಳೆಯನ್ನು ಬರೆದ ಜಾಗದಲ್ಲೇ ಇಟ್ಟು ನೋಡಿದರೆ ದಟ್ಟ ಇರುವ ಕಡೆ ಕೂಲರಿನ ಬಾಯಿ ಇರುತ್ತದೆ. ಹುಲ್ಲಿನ ಪ್ಯಾಡಿನಿಂದ ಹಾರಿದ ಸಣ್ಣ ಹನಿ ಅದು. ಕೂಲರಿಗೆ ಹಾಕುವುದು ಬೋರ್ ನೀರೇ ಆದ್ದರಿಂದ ಚುಕ್ಕೆಯ ನಡುವೆ ಸುಣ್ಣದ ಕಣವೂ ಸಿಗಬಹುದು.

ಬೇಸಿಗೆಯಲ್ಲಿ, ಬಿಳಿ ಬಿಡಬೇಕಾದ ಜಾಗಕ್ಕೆ ಬಣ್ಣ ತಾಗದಂತೆ ಹಚ್ಚುವ ಮಾಸ್ಕಿಂಗ್ ಫ್ಲೂಯಿಡ್ ಹಚ್ಚಿ ಮರುದಿನ ತೆಗೆಯೋಣ ಅಂದುಕೊಳ್ಳಬೇಡಿ. ಅದು ರಬ್ಬರಿನ ಹಾಲು, ಸೆಕೆಗೆ ಹಾಳೆಗೆ ಬೆಸೆದುಕೊಂಡು, ತೆಗೆಯುವಾಗ ಹಾಳೆಯ ಚರ್ಮವನ್ನೂ ಕಿತ್ತುಕೊಂಡು ಬರುತ್ತದೆ. ವಾಶ್ ಒಣಗಿದ ಕೂಡಲೇ ತೆಗೆಯಿರಿ.

ಹಾಳೆ

ಬಣ್ಣ ಬಿಟ್ಟ ಕೂಡಲೇ ಹಾಳೆ ಹೀರಿಕೊಂಡು, ಹಿಂದೆ ಕಲೆ ಕಾಣಿಸಿಕೊಂಡು, ಮುಂದೆ ಬಣ್ಣ ಸತ್ತಂತಾದರೆ ಹಾಳೆಯ ಸೈಜಿಂಗ್ ಹೋಗಿದೆ ಅಂತ ಅರ್ಥ. ಜಲವರ್ಣದ ಹಾಳೆಗೆ ಜೆಲಾಟಿನ್ ಅಥವಾ ಅಂಥದ್ದೇ ಅಂಟಿನ ಲೇಪ ಇರುತ್ತದೆ, ನೀರು ಮೇಲೇ ನಿಲ್ಲುವುದು ಅದರಿಂದ. ತಗಡಿನ ಮಾಳಿಗೆಯ ಅಂಗಡಿಯಲ್ಲಿ ಬೇಸಿಗೆ, ಮಳೆಗಾಲ ಎರಡನ್ನೂ ಕಂಡ ಹಳೇ ಹಾಳೆಯಲ್ಲಿ ಆ ಲೇಪ ಸತ್ತಿರುತ್ತದೆ, ಕಂಪನಿ ಎಷ್ಟೇ ದೊಡ್ಡದಿರಲಿ. ಮೂಲೆಯಲ್ಲಿ ಒಂದು ಹನಿ ನೀರು ಬಿಡಿ. ಗುಂಡಗೆ ನಿಂತರೆ ಸರಿ, ಬಿದ್ದ ಕೂಡಲೇ ಕಪ್ಪಾಗಿ ಹರಡಿದರೆ ಆ ಹಾಳೆಯನ್ನು ಒಣ ಪೆನ್ಸಿಲ್ ಕೆಲಸಕ್ಕೆ ಇಟ್ಟುಕೊಳ್ಳಿ. ಅಂಗಡಿಯಲ್ಲೇ ಈ ಪರೀಕ್ಷೆ ಮಾಡಿ, ಅಂಗಡಿಯಣ್ಣ ಗೊಣಗಿದರೆ ಗೊಣಗಲಿ.

ಇಡೀ ಹಾಳೆ ಸರಿಯಿದ್ದು ಅಲ್ಲಲ್ಲಿ ಮಾತ್ರ ಗಾಢ ಕಲೆ ಎದ್ದರೆ ಅದು ರಬ್ಬರಿನ ಕೆಲಸ. ಗಟ್ಟಿ ರಬ್ಬರಿನಿಂದ ತಿಕ್ಕಿದಲ್ಲಿ ಲೇಪ ಹರಿದು, ನಾರು ಎದ್ದು, ಬಣ್ಣ ಜಾಸ್ತಿ ಕುಡಿಯುತ್ತದೆ. ಅಡ್ಡ ಬೆಳಕಿನಲ್ಲಿ ಸ್ಪಷ್ಟ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ, ಬಣ್ಣವೇ ಹತ್ತದ ತಿಳಿ ದ್ವೀಪಗಳು, ಅದೂ ಬೆರಳಿನ ಗಾತ್ರದವು, ಇದ್ದರೆ ಎಣ್ಣೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಇರಬಹುದು, ಒಗ್ಗರಣೆ-ಮಿರ್ಚಿ ತಿಂದ ಕೈ ಇರಬಹುದು. ಅಂಗೈ ಕೆಳಗೆ ಒಂದು ಬಿಳಿ ಹಾಳೆ ಇಟ್ಟುಕೊಳ್ಳುವ ಅಭ್ಯಾಸ ಮಾಡಿ.

ಉಬ್ಬುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 300 ಜಿಎಸ್ಎಂಗಿಂತ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ಲೆಕ್ಕ) ತೆಳು ಹಾಳೆಯಾದರೆ ನೆನೆಸಿ, ಗೋಂದಿನ ಕಂದು ಟೇಪಿನಿಂದ ಹಲಗೆಗೆ ಬಿಗಿದು, ಒಣಗಿದ ಮೇಲೆ ಬರೆಯಿರಿ. ಮುಗಿದ ಚಿತ್ರ ಉಬ್ಬಿದ್ದರೆ ಹಿಂಭಾಗಕ್ಕೆ ಸ್ಪ್ರೇಯಿಂದ ತುಸು ತೇವ ಕೊಟ್ಟು, ಎರಡು ಬ್ಲಾಟಿಂಗ್ ಹಾಳೆಗಳ ನಡುವೆ ಭಾರ ಇಡಿ. ಮುಂಭಾಗದಲ್ಲಿ ನೀರಿಗೆ ಕರಗುವ ಬಣ್ಣದ ಪೆನ್ಸಿಲ್ ಇದ್ದರೆ ಇದನ್ನು ಮಾಡಬೇಡಿ.

ಗೆರೆ ಮೊದಲೋ, ಬಣ್ಣ ಮೊದಲೋ

ನಿಜವಾದ ತಲೆನೋವು ಇಲ್ಲಿ. ಬೇರೆ ಚಿತ್ರಗಳಲ್ಲಿ ಪೆನ್ಸಿಲ್ ಒಂದು ಅಡಿಗೆರೆ, ಬಣ್ಣ ಬಂದ ಮೇಲೆ ಅದರ ಕೆಲಸ ಮುಗಿಯಿತು. ಅಮೂರ್ತ ಚಿತ್ರದಲ್ಲಿ ಗೆರೆಗೂ ಬಣ್ಣಕ್ಕೂ ಸಮಪಾಲು. ಪ್ಯಾರಿಸ್ಸಿನ ಪಾಂಪಿಡು ಕೇಂದ್ರದಲ್ಲಿರುವ, ರಷ್ಯಾದ ಚಿತ್ರಕಾರ ಕ್ಯಾಂಡಿನ್ಸ್ಕಿ 1910 ಎಂದು ತಾರೀಖು ಹಾಕಿದ (1913ರದ್ದು ಅಂತ ವಾದಿಸುವ ವಿದ್ವಾಂಸರೂ ಇದ್ದಾರೆ) ಹೆಸರಾಂತ ಅಮೂರ್ತ ಜಲವರ್ಣದಲ್ಲೇ ಪೆನ್ಸಿಲ್ಲೂ ಇದೆ, ಶಾಯಿಯೂ ಇದೆ. ನಮ್ಮ ದೇಶದವರೇ ಆದ ನಸ್ರೀನ್ ಮೊಹಮದಿ (1937–1990) ಬಣ್ಣವನ್ನು ಬದಿಗಿಟ್ಟು ಬರೀ ಪೆನ್ಸಿಲ್, ಶಾಯಿಯ ಗೆರೆಗಳಲ್ಲೇ ಅಮೂರ್ತವನ್ನು ಕಟ್ಟಿದವರು. ಗೆರೆ ಕೆಟ್ಟರೆ ಬಣ್ಣ ಮುಚ್ಚುತ್ತದೆ ಅನ್ನುವ ಧೈರ್ಯ ಇಂಥ ಕೆಲಸದಲ್ಲಿ ನಡೆಯುವುದಿಲ್ಲ.

ಮೊದಲು ಪೆನ್ಸಿಲ್ ಏನು ಅಂತ ತಿಳಿದಿರಲಿ. 1795ರಲ್ಲಿ ಫ್ರಾನ್ಸಿನ ಕಾಂಟೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನ ತಂದ. ಮಣ್ಣು ಹೆಚ್ಚಿದ್ದರೆ ಎಚ್, ಗ್ರಾಫೈಟ್ ಹೆಚ್ಚಿದ್ದರೆ ಬಿ. ಎಚ್ ಕೊರೆಯುತ್ತದೆ, ಬಿ ಬಳಿಯುತ್ತದೆ. ಎರಡರ ದೋಷವೂ ಅಲ್ಲಿಂದಲೇ ಹುಟ್ಟುತ್ತದೆ.

ವಾಶಿನ ಒಳಗೆ ಗೆರೆಯುದ್ದಕ್ಕೂ ಬಣ್ಣವೇ ಗಾಢವಾಗಿ ನಿಂತಿದೆ, ಆದರೆ ಬೂದು ಇಲ್ಲ: ಎಚ್ ಪೆನ್ಸಿಲ್ ಒತ್ತಿ ಮಾಡಿದ ಕಾಲುವೆಯಲ್ಲಿ ಬಣ್ಣ ತುಂಬಿದೆ. ಒದ್ದೆ ಹಾಳೆಯ ಮೇಲೆ ಯಾವ ಪೆನ್ಸಿಲ್ ಎಳೆದರೂ ಹೀಗೇ ಆಗುತ್ತದೆ, ಏಕೆಂದರೆ ನೆನೆದ ಹಾಳೆ ಮೆತ್ತಗಿರುತ್ತದೆ. ಸರಿಪಡಿಸಲು ಆಗುವುದಿಲ್ಲ, ಮುಂದಿನ ಸಲ ಎಚ್‌ಬಿ ಹಿಡಿದು ಕೈ ಹಗುರ ಮಾಡಿ.

ಹಳದಿ ಹಸಿರಾಗಿ ಹೊಲಸಾಯಿತು: ಹಳದಿ ಬಣ್ಣದಲ್ಲಿ ಹಸಿರು ಬೆರೆತಿಲ್ಲ, ಬಿ ಪೆನ್ಸಿಲ್ಲಿನ ಬಿಡಿ ಪುಡಿ ಬೆರೆತಿದೆ. ಗ್ರಾಫೈಟ್ ನೀರಿನಲ್ಲಿ ಕರಗುವುದಿಲ್ಲ, ತೇಲುತ್ತದೆ, ಕುಂಚ ಅದನ್ನು ಊರೆಲ್ಲ ಹಂಚುತ್ತದೆ. ಹಳದಿಯೊಳಗೆ ಕರಿ ಬೆರೆತರೆ ಕಣ್ಣಿಗೆ ಹಸಿರೇ. ಕೆಂಪು, ನೀಲಿಯಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ, ಅದಕ್ಕೇ ತಪ್ಪನ್ನು ಹಳದಿಯ ಮೇಲೆ ಹಾಕುತ್ತಾರೆ. ಬಣ್ಣಕ್ಕೆ ಮುಂಚೆ, ಕಲಸಿದ ಹಿಟ್ಟಿನಂತೆ ಮೆತ್ತಗಿರುವ ಪುಟ್ಟಿ ರಬ್ಬರನ್ನು ಗೆರೆಯ ಮೇಲೆ ಒತ್ತಿ ಎತ್ತಿ. ತಿಕ್ಕಬೇಡಿ. ಗೆರೆ ಉಳಿಯುತ್ತದೆ, ಬಿಡಿ ಪುಡಿ ಬರುತ್ತದೆ. ಹಳದಿ ಭಾಗಕ್ಕೆ ಗೆರೆಯನ್ನು ಆಮೇಲೆ ಎಳೆಯುವುದು ಇನ್ನೂ ಒಳ್ಳೆಯದು.

ಗೆರೆ ಅಳಿಸಲು ಬರುತ್ತಿಲ್ಲ: ಗೆರೆ ಕೆಳಗಿದೆ. ಜಲವರ್ಣದ ಅಂಟು ಜಾಲಿ ಜಾತಿಯ ಮರದ ಗೋಂದು, ಅದು ಒಣಗಿ ಗೆರೆಯ ಮೇಲೆ ಪೊರೆಯಾಗಿ ಕೂತಿದೆ. ರಬ್ಬರ್ ಒತ್ತಿದರೆ ಬಣ್ಣ ಹೋಗುತ್ತದೆಯೇ ಹೊರತು ಗೆರೆ ಹೋಗುವುದಿಲ್ಲ.

ಇದರಿಂದಲೇ ಪದರದ ಕ್ರಮವನ್ನೂ ಓದಬಹುದು. ಯಾರದ್ದೋ ಚಿತ್ರ ಕೈಗೆ ಬಂದಾಗ, ಅಥವಾ ನಿಮ್ಮದೇ ಹಳೆಯದನ್ನು ತೆಗೆದು ಹೇಗೆ ಮಾಡಿದ್ದೆ ಅಂತ ಮರೆತಾಗ, ಅಡ್ಡ ಬೆಳಕಿನಲ್ಲಿ ಗೆರೆ ನೋಡಿ. ಮಿಣಮಿಣ ಹೊಳೆದರೆ ಗೆರೆ ಮೇಲಿದೆ. ಹೊಳಪು ಮಂಕಾಗಿದ್ದರೆ ಅದರ ಮೇಲೆ ವಾಶ್ ಹರಿದಿದೆ. ಎರಡೂ ಬಗೆ ಒಂದೇ ಹಾಳೆಯಲ್ಲಿ ಇರಬಹುದು, ಒಳ್ಳೆಯ ಚಿತ್ರಗಳಲ್ಲಿ ಸಾಮಾನ್ಯವಾಗಿ ಇರುತ್ತದೆ.

ಗೆರೆಯ ಮೇಲೆ ಬಣ್ಣ ನಿಲ್ಲದೆ ಹನಿಹನಿಯಾಗಿ ಜಾರಿದರೆ: 6ಬಿ, 8ಬಿಯಿಂದ ತಿಕ್ಕಿ ಹೊಳಪು ತರಿಸಿದ ಜಾಗ ನೀರನ್ನು ದೂರ ತಳ್ಳುತ್ತದೆ. ಮೇಣದ ಬಣ್ಣದ ಪೆನ್ಸಿಲ್ ಆದರೆ ಇನ್ನೂ ಜಾಸ್ತಿ. ಬಣ್ಣಕ್ಕೆ ಒಂದು ಹನಿ ಆಕ್ಸ್ ಗಾಲ್ (ದನದ ಪಿತ್ತರಸದಿಂದ ಮಾಡಿದ, ಬಣ್ಣ ಹರಡಿಸುವ ದ್ರವ) ಹಾಕಿದರೆ ಹಿಡಿಯಬಹುದು. ಇಲ್ಲವೇ ಈ ಜಾರುವ ಗುಣವನ್ನೇ ಚಿತ್ರಕ್ಕೆ ಬಳಸಿ. ನನಗೆ ಕೇಳಿದರೆ ಎರಡನೆಯದೇ ಸರಿ.

ದೂಳು

ನಮ್ಮ ಮೂರು ಜಿಲ್ಲೆಯ ದೂಳಿಗೆ ಮೂರು ಬಣ್ಣ. ಸಂಡೂರು ಕಡೆ ಅದಿರಿನ ಕೆಂಪು, ಕೊಪ್ಪಳದ ಗಿಣಿಗೇರಿ ಸುತ್ತ ಕಾರ್ಖಾನೆಗಳ ಕಪ್ಪು, ರಾಯಚೂರಿನ ಶಕ್ತಿನಗರದ ಕಡೆ ಹಾರುಬೂದಿಯ ಬಿಳಿಬೂದು. ಹಾಳೆಯ ಮೇಲೆ ಬಿದ್ದಾಗ ಒಂದೊಂದರ ನಡತೆಯೂ ಬೇರೆ.

ಕೆಂಪು ದೂಳು ಅತಿ ಕೆಟ್ಟದ್ದು, ಏಕೆಂದರೆ ಅದು ಬಣ್ಣವೇ. ಇಂಡಿಯನ್ ರೆಡ್ ಟ್ಯೂಬಿನಲ್ಲಿರುವುದೂ ಅದೇ ಕಬ್ಬಿಣದ ಆಕ್ಸೈಡ್. ಒಣಗಿದ್ದಾಗ ಊದಿದರೆ ಹೋಗುತ್ತದೆ, ಬೆರಳಿನಿಂದ ಒರೆಸಿದರೆ ಹಾಳೆಯೊಳಗೆ ಇಳಿದು ಕೂರುತ್ತದೆ, ಮತ್ತೆ ಬರುವುದಿಲ್ಲ. ಊದಿ, ಆಮೇಲೆ ಮೆತ್ತನೆ ಒಣ ಕುಂಚದಿಂದ ಒಂದೇ ದಿಕ್ಕಿಗೆ ತಳ್ಳಿ.

ಕಪ್ಪು ದೂಳನ್ನು ಪೆನ್ಸಿಲ್ ಮಸಿ ಅಂತ ತಪ್ಪು ತಿಳಿಯುತ್ತಾರೆ. ಗ್ರಾಫೈಟ್ ಅಡ್ಡ ಬೆಳಕಿಗೆ ಹೊಳೆಯುತ್ತದೆ, ಕಾರ್ಖಾನೆಯ ಮಸಿ ಹೊಳೆಯುವುದಿಲ್ಲ. ಇನ್ನೊಂದು ಪರೀಕ್ಷೆ: ಮೇಜಿನ ಮೇಲಿನ ಅದೇ ದೂಳನ್ನು ಒಂದು ಬಿಳಿ ಚೀಟಿಗೆ ಉದುರಿಸಿ, ಕೆಳಗಿಂದ ಹಳೇ ಸ್ಪೀಕರಿನ ಅಯಸ್ಕಾಂತ ಆಡಿಸಿ. ಕಣ ಅದರ ಹಿಂದೆ ಓಡಿದರೆ ಅದು ಕಬ್ಬಿಣ, ನಿಮ್ಮ ಪೆನ್ಸಿಲ್ ಅಲ್ಲ. ಕಬ್ಬಿಣದ ಪುಡಿ ಒದ್ದೆ ಹಾಳೆಯಲ್ಲಿ ಸಿಕ್ಕಿಕೊಂಡರೆ ತುಕ್ಕಿನ ಚುಕ್ಕೆಯಾಗಿ ಏಳುತ್ತದೆ, ಆದ್ದರಿಂದ ವಾಶ್ ಆರುವವರೆಗೆ ಕಿಟಕಿ ಮುಚ್ಚಿಡಿ.

ಗೋಡೆಗೆ ಹೋದ ಮೇಲೆ

“ಮೊದಲು ಚೆನ್ನಾಗಿತ್ತು, ಈಗ ಬರೀ ಗೆರೆ ಕಾಣ್ತಾವ” ಅನ್ನುವ ದೂರಿಗೆ ಕಾರಣ ಬಣ್ಣ ಹಾರಿದ್ದು. ಗ್ರಾಫೈಟ್ ಬಿಸಿಲಿಗೆ ಜಗ್ಗುವುದಿಲ್ಲ, ಕೆಲವು ಬಣ್ಣ ಜಗ್ಗುತ್ತವೆ. ಹೀಗಾಗಿ ತೂಕ ಬದಲಾಗಿ, ಬಣ್ಣದ ಚಿತ್ರ ಪೆನ್ಸಿಲ್ ಚಿತ್ರವಾಗುತ್ತದೆ. ಮರ, ಮನೆ ಇದ್ದ ಚಿತ್ರವಾದರೆ ಮಾಸಿದ್ದು ತಕ್ಷಣ ತಿಳಿಯುತ್ತಿತ್ತು, ಇಲ್ಲಿ ಮೊದಲೇ ಹೀಗಿತ್ತೇನೋ ಅನ್ನಿಸುತ್ತದೆ.

ಖಾತ್ರಿ ಮಾಡಿಕೊಳ್ಳಲು ಫ್ರೇಮ್ ಬಿಚ್ಚಿ, ಮೌಂಟಿನ (ಚಿತ್ರದ ಸುತ್ತ ಹಾಕುವ ರಟ್ಟಿನ ಅಂಚು) ಕೆಳಗೆ ಮುಚ್ಚಿಹೋಗಿದ್ದ ಅಂಚನ್ನು ನೋಡಿ. ಅಲ್ಲಿ ಬಣ್ಣ ಹೊಳೆಯುತ್ತಿದ್ದು ಒಳಗೆ ಮಂಕಾಗಿದ್ದರೆ ಬೆಳಕಿನ ಕೆಲಸ. ಎರಡೂ ಒಂದೇ ಥರ ಇದ್ದರೆ ಮೊದಲಿಂದಲೂ ತೆಳುವೇ ಇತ್ತು. ಟ್ಯೂಬಿನ ಮೇಲೆ ಬಣ್ಣದ ಸಂಕೇತ ಪಿಆರ್83 ಅಂತಿದ್ದರೆ ಅದು ಅಸಲಿ ಅಲಿಜರಿನ್ ಕೆಂಪು, ಬೆಳಕಿಗೆ ಹಾರಿಹೋಗುವ ಬಗೆ. ಪಿವಿ19 ಕ್ವಿನಾಕ್ರಿಡೋನ್ ಅದರ ಜಾಗಕ್ಕೆ ಬರುತ್ತದೆ. ಕಣ್ಣು ಕುಕ್ಕುವ ಫ್ಲೋರೊಸೆಂಟ್ ಗುಲಾಬಿಯನ್ನು ನಂಬಲೇಬೇಡಿ. ಹಿರೇಬೆಣಕಲ್ ಬೆಟ್ಟದ ಕಲ್ಲಾಸರೆಗಳಲ್ಲಿ ಕೆಮ್ಮಣ್ಣಿನ ಚಿತ್ರಗಳು ಸಾವಿರಾರು ವರ್ಷ ಉಳಿದಿವೆ, ಈ ಗುಲಾಬಿ ಪಡುವಣ ಗೋಡೆಯ ಮೇಲೆ ಒಂದು ಬೇಸಿಗೆ ಕಳೆಯುವುದೂ ಕಷ್ಟ. ಸಂಶಯ ಇರುವ ಬಣ್ಣಗಳನ್ನು ಒಂದು ಪಟ್ಟಿಯಲ್ಲಿ ಬಳಿದು, ಅರ್ಧಕ್ಕೆ ದಪ್ಪ ಕಾಗದ ಮುಚ್ಚಿ, ಪಡುವಣ ಕಿಟಕಿಗೆ ಅಂಟಿಸಿ. ಯುಗಾದಿಯಿಂದ ಮೊದಲ ಮಳೆಯವರೆಗೆ ಸಾಕು, ನಮ್ಮ ಬಿಸಿಲು ಇದೊಂದಕ್ಕಾದರೂ ಉಪಯೋಗಕ್ಕೆ ಬರುತ್ತದೆ.

ಮೌಂಟಿನ ಅಂಚಿಗೆ ಸರಿಯಾಗಿ ಕಂದು ಗೆರೆ ಎದ್ದಿದ್ದರೆ ಮೌಂಟ್ ಆಮ್ಲದ್ದು. ಇಡೀ ಹಾಳೆ ಹಿಂಭಾಗದಿಂದ ಕಂದಾಗುತ್ತಿದ್ದರೆ ಹಿಂದೆ ಹೊಡೆದ ಪ್ಲೈವುಡ್ ಅಥವಾ ಹಾರ್ಡ್‌ಬೋರ್ಡ್ ಕಾರಣ. ಚೌಕಾಕಾರದ ಹಳದಿ ಕಲೆ ಸೆಲ್ಲೋಟೇಪಿನದು. ಮೇಲ್ಮೈ ಅಲ್ಲಲ್ಲಿ ಕೆರೆದಂತಾಗಿ ತೆಳುವಾಗಿದ್ದರೆ ಬೆಳ್ಳಿಹುಳು ಸೈಜಿಂಗ್ ತಿಂದಿದೆ. ಫ್ರೇಮಿನವರಿಗೆ “ಆಮ್ಲರಹಿತ ಬೋರ್ಡ್ ಹಾಕಿ, ಗಾಜು ಚಿತ್ರಕ್ಕೆ ತಾಗಬಾರದು” ಅಂತ ಬಾಯಿಬಿಟ್ಟು ಹೇಳಿ. ಕೇಳದೆ ಯಾರೂ ಹಾಕುವುದಿಲ್ಲ, ಹೆಚ್ಚಿನ ಊರುಗಳಲ್ಲಿ ತರಿಸಿಕೊಡಬೇಕಾಗುತ್ತದೆ.

ಬೆಲೆ ಬಾಳುವ ಅಥವಾ ತೀರಿಹೋದವರ ಕೈಯ ಚಿತ್ರದಲ್ಲಿ ಮೇಲಿನ ಯಾವ ದೋಷ ಕಂಡರೂ ನೀವು ಮಾಡಬಹುದಾದದ್ದು ಗುರುತಿಸುವುದು, ಫೋಟೋ ತೆಗೆಯುವುದು, ಬಿಸಿಲಿನಿಂದ ಇಳಿಸುವುದು. ನೀರು, ರಬ್ಬರ್, ಗೆರೆ ಅಳಿಯದಂತೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಯಾವುದನ್ನೂ ಮುಟ್ಟಿಸಬೇಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್ ನಡೆಸುವ ಕಲಾ ಸಂರಕ್ಷಣಾ ಕೇಂದ್ರವಿದೆ, ಅಂಥ ಕೆಲಸ ಅವರದು. ಒಯ್ಯುವಾಗ ಚಿತ್ರದ ಮೇಲೆ ಬಟರ್ ಪೇಪರ್ ಹಾಕಿ, ಎರಡು ದಪ್ಪ ರಟ್ಟಿನ ನಡುವೆ ಅಲುಗಾಡದಂತೆ ಕಟ್ಟಿ. ಸುರುಳಿ ಸುತ್ತಿ ಬಸ್ಸಿನ ಮೇಲಿನ ಕಂಬಿಗೆ ಹಾಕಿದರೆ ಹೊಸಪೇಟೆ ದಾಟುವಷ್ಟರಲ್ಲಿ ಪೆನ್ಸಿಲ್ಲೆಲ್ಲ ತಿಕ್ಕಿಹೋಗಿರುತ್ತದೆ.